ಇಂದುಬಾಯಿಯ ಕಿಟಕಿಗೆ ಕಟ್ಟಿದ ಸಾಣಿಗೆ

ಗೋಕಾಕದಲ್ಲಿ ಶ್ರೇಣಿಕ ಮಗದುಮ್ಮನಷ್ಟು ಮೆತ್ತಗಿನ ಮನುಷ್ಯ ಹುಡುಕಿದರೂ ಸಿಗುತ್ತಿರಲಿಲ್ಲ. ಕೋರ್ಟಿನ ಎದುರಿಗೆ ಅವನದೊಂದು ಝೆರಾಕ್ಸ್ ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿ. ಸುಟ್ಟು ಕರಕಾದ ಯಂತ್ರ ಹೊತ್ತು ತಂದವನಿಗೂ "ಆಗ್ತೈತ್ರಿ, ನಾಳೆ ಬರ್ರಿ" ಎನ್ನುವವನು. ಎದುರಿಗಿದ್ದವರ ಮುಖ ಬಾಡಿದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ, ಅಷ್ಟೇ. ಅದನ್ನು ಸುಳ್ಳು ಎಂದರೆ ಒಪ್ಪುತ್ತಿರಲಿಲ್ಲ, ಸಮಾಧಾನ ಎನ್ನುತ್ತಿದ್ದ. ಹೆಂಡತಿ ಬೈದು ಬೈದು ಸುಮ್ಮನಾಗಿದ್ದಳು.

ಅವನ ಮನೆಗೆ ಎರಡು ಮನೆ ಆಚೆ ಇಂದುಬಾಯಿಯ ಹಳೆಯ ವಾಡೆ. ಶ್ರೇಣಿಕನಿಗೆ ಆಕೆ ಕಾಕು, ಚಿಕ್ಕವ್ವನಿದ್ದ ಹಾಗೆ. ಚಿಕ್ಕಂದಿನಲ್ಲಿ ಆಕೆಯ ಕೈಯ ಚಕ್ಕುಲಿ ತಿಂದು ಬೆಳೆದವನು. ೨೦೦೯ರ ಮಳೆಗಾಲದಲ್ಲಿ ಕಾಕು ಬಚ್ಚಲಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಳು. ಎದೆ ದುರ್ಬಲ, ಆಪರೇಶನ್ ತಡೆಯುವುದಿಲ್ಲ, ಮಂಚದಿಂದ ಅಲ್ಲಾಡಿಸಬೇಡಿ ಎಂದರು ಡಾಕ್ಟರು. ನೋಡಿಕೊಳ್ಳಲು ತುಕ್ಕಾನಟ್ಟಿಯ ಕೆಂಪವ್ವ ಬಂದು ನಿಂತಳು.

ಕಾಕುಗೆ ಇದ್ದವಳು ಒಬ್ಬಳೇ ಮಗಳು, ಮಯೂರಿ. ಆರು ವರ್ಷದ ಹಿಂದೆ ಹುಕ್ಕೇರಿಯಲ್ಲಿ ದೀಕ್ಷೆ ತೆಗೆದುಕೊಂಡು ಆರ್ಯಿಕೆಯಾಗಿ, ಬಿಳಿ ಸೀರೆ ಉಟ್ಟು, ಬರಿಗಾಲಲ್ಲಿ ಊರೂರು ನಡೆದು ಹೋದವಳು. ಈಗ ಎಲ್ಲರಿಗೂ ಆಕೆ ಮಾತಾಜಿ. ದೀಕ್ಷೆಗೆ ಮುಂಚೆ ಹೆತ್ತವ್ವ ಮಗಳ ಉಡಿ ತುಂಬಿ ಕಳಿಸುವುದು ಪದ್ಧತಿ. ಇಂದುಬಾಯಿ ಹೋಗಲಿಲ್ಲ. ಗೋಕಾಕದಿಂದ ಹುಕ್ಕೇರಿ ಏನು ಕಾಶಿಯೇ? ಹೋಗಲಿಲ್ಲ. "ನನ್ನ ಪಾಲಿಗೆ ನೀ ಸತ್ತಿ" ಎಂದು ಮಗಳ ಮುಖಕ್ಕೆ ಬಾಗಿಲು ಹಾಕಿದ್ದಳು. ಬೇರೆ ಯಾರೋ ಉಡಿ ತುಂಬಿದರು.

ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ಜೈನರ ಮನೆಗಳಲ್ಲಿ ಕ್ಷಮಾವಾಣಿ. ಅಂದು ಕೋರ್ಟಿನಲ್ಲಿ ಜಗಳ ಆಡುವ ಅಣ್ಣತಮ್ಮಂದಿರೂ ಕೈಮುಗಿದು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಆ ವರ್ಷ ಪರ್ವ ಹತ್ತಿರ ಬಂದಾಗ ಕಾಕು ಶ್ರೇಣಿಕನ ಕೈ ಹಿಡಿದುಕೊಂಡಳು.

"ತಮ್ಮಾ, ವರ್ಷಾ ವರ್ಷಾ ಓಣಿಗೆಲ್ಲಾ ಕ್ಷಮಾ ಕೇಳೇನಿ. ಯಾರನ್ನ ಕೇಳಬೇಕಾಗಿತ್ತೋ ಅಕಿನ್ನ ಕೇಳಿಲ್ಲ. ಇನ್ನೊಂದ್ ಕ್ಷಮಾವಾಣಿ ನಾ ಕಾಣಂಗಿಲ್ಲೋ."

ಮಾತಾಜಿ ಆಗ ರಾಜಸ್ಥಾನದ ಒಂದು ಊರಲ್ಲಿ ಚಾತುರ್ಮಾಸ ಕೂತಿದ್ದರು, ಮಳೆಗಾಲ ಮುಗಿಯುವ ತನಕ ಅಲ್ಲಿಂದ ಕದಲುವ ಹಾಗಿರಲಿಲ್ಲ. ಅಲ್ಲಿನ ಸಮಿತಿಯವರು ಪ್ರವಚನವನ್ನು ಇಂಟರ್‌ನೆಟ್ಟಿನಲ್ಲಿ ನೇರ ತೋರಿಸುತ್ತಿದ್ದರು. ಶ್ರೇಣಿಕ ತನ್ನ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ, ವೈಫೈ ಡಬ್ಬಿ ಕೂರಿಸಿ ಮೂರೇ ತಿಂಗಳಾಗಿತ್ತು. ಇನ್ನೇನು ಬೇಕು?

"ನಿಮ್ಮ ಮಂಚದ ಮುಂದನ ತಂದು ಕುಂಡರಸ್ತೇನಿ ಕಾಕು, ನೀವು ಕಾಳಜಿ ಬಿಡ್ರಿ" ಎಂದ.

ಹೇಳುವುದು ಸುಲಭ. ಮಾಳಿಗೆಯ ಮೇಲಿಂದ ವೈರ್ ಎಳೆದ. ಎರಡೇ ದಿನಕ್ಕೆ ಮಂಗಗಳು ಹರಿದು ಹಾಕಿದವು. ಮತ್ತೆ ಎಳೆದ, ಮತ್ತೆ ಹರಿದವು. ಮುಂಡೇವು, ಅವಕ್ಕೇನು ಗೊತ್ತು! ವೈರಿಲ್ಲದೆಯೇ ಹಾಯಿಸೋಣವೆಂದರೆ ವಾಡೆಯ ಗೋಡೆ ಎರಡು ಮೊಳ ದಪ್ಪ, ಕಲ್ಲುಮಣ್ಣಿನದು. ಒಳಗೆ ಸಿಗ್ನಲ್ಲಿನ ಒಂದು ಗೀಟೂ ಮೂಡಲಿಲ್ಲ. ವೈಫೈ ಡಬ್ಬಿಯನ್ನು ತನ್ನ ಮಾಳಿಗೆಗೆ ಏರಿಸಿ, ಮಳೆ ತಾಗದಂತೆ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿದ. ಸಿಗ್ನಲ್ ಹಿಡಿಯುವ ಬೆರಳುದ್ದದ ಕಡ್ಡಿಯನ್ನು ಕೆಂಪವ್ವನ ಸ್ಟೀಲಿನ ಸಾಣಿಗೆಯ ನಟ್ಟನಡುವೆ ಕಟ್ಟಿ, ಆ ಸಾಣಿಗೆಯನ್ನು ಕಾಕುವಿನ ಕಿಟಕಿಗೆ ಬಿಗಿದು, ತನ್ನ ಮಾಳಿಗೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ.

"ಹಿಟ್ಟ ಸಾಣಸೂದ್ರಾಗ ಗಾಳಿ ಸಾಣಸಾಕತ್ತಾರ ನೋಡವ್ವಾ! ನಾ ರೊಟ್ಟಿ ಏನ್ ವೈಫೈನ್ಯಾಗ ಬಡೀಲೇನು?" ಎಂದು ಕೆಂಪವ್ವ ಸೊಂಟಕ್ಕೆ ಕೈಯಿಟ್ಟಳು. ಮಂಚದ ಮೇಲೆ ಕಾಕು ನಕ್ಕಳು. ಬಿದ್ದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಅಷ್ಟರಲ್ಲಿ ಮಂಚದ ಮುಂದೆ ತಂದಿಟ್ಟ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಎರಡು ಗೀಟು ಮೂಡಿದವು, ಶ್ರೇಣಿಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕ್ಷಮಾವಾಣಿಯ ದಿನ ಮಧ್ಯಾಹ್ನ ಮೂರಕ್ಕೆ ಪ್ರವಚನ. ಕಾಕು ಬೆಳಿಗ್ಗೆಯೇ ಮೈ ಒರೆಸಿಸಿಕೊಂಡು, ಮಡಿ ಸೀರೆ ಹೊದಿಸಿಕೊಂಡು ಕಾದಿದ್ದಳು. ಪರದೆಯಲ್ಲಿ ಮಾತಾಜಿ ಮೂಡಿದರು. ಕೂದಲಿಲ್ಲದ ತಲೆ, ಬತ್ತಿದ ಕೆನ್ನೆ, ಕೈಯಲ್ಲಿ ನವಿಲುಗರಿಯ ಪಿಂಛಿ. ಆ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿದ ಕೈ ಪರದೆಯ ಕಡೆಗೆ ಚಾಚಿತು.

"ಶ್ರೇಣಿಕಾ, ಅಕಿಗೆ ನಾ ಕಾಣತೇನೇನು?"

ಕಾಣುವುದೆಲ್ಲಿಂದ ಬಂತು? ಈಚೆಯಿಂದ ಆಚೆಗೆ ಚಿತ್ರವೂ ಇಲ್ಲ, ಮಾತೂ ಇಲ್ಲ. ಅದು ಒಂದೇ ದಾರಿಯದು. ಅಷ್ಟು ಹೇಳಿದ್ದರೆ ಆಗಿತ್ತು. ಆದರೆ ಕಾಕು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು, ಮಗಳ ಮುಂದೆ ಚೆಂದ ಕಾಣಬೇಕೆಂದು. ಹಾಳಾದ ಕರುಳು!

"ಕಾಣ್ತೀರಿ ಕಾಕು. ನಿಮ್ಮ ಮಾತೂ ಕೇಳ್ತೈತಿ. ಹೇಳೂದ ಹೇಳ್ರಿ" ಎಂದುಬಿಟ್ಟ.

"ವಂದಾಮಿ ಮಾತಾಜಿ" ಎಂದು ಕಾಕು ಕೈಮುಗಿದಳು. ಅಲ್ಲಿಗೆ ಕಟ್ಟೆ ಒಡೆಯಿತು. "ಮಯೂರಿ... ನೀ ಸತ್ತಿ ಅಂದ್ನಿ. ನಿನ್ನ ಉಡಿ ತುಂಬಲಿಲ್ಲ. ತಪ್ಪಾತು ಮಗಳ. ನನ್ನ ಕ್ಷಮಾ ಮಾಡ."

ಆಗಲೇ ಚಿತ್ರ ನಿಂತುಹೋಯಿತು. ಸಭೆಯಲ್ಲಿ ಯಾರನ್ನೋ ನೋಡಲು ಮಾತಾಜಿ ಪಕ್ಕಕ್ಕೆ ಹೊರಳಿದ್ದರು. ಕಣ್ಣು ಕೆಳಗೆ, ತುಟಿ ಬಿಗಿದು. ಹಾಗೆಯೇ ನಿಂತಿತು. ದನಿಯೂ ಇಲ್ಲ. ಶ್ರೇಣಿಕ ಕಿಟಕಿಗೆ ಹಾರಿ ಸಾಣಿಗೆಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಐದು ನಿಮಿಷವಾಗಿರಬೇಕು. ತಿರುಗಿ ನೋಡಿದರೆ ಕಾಕುವಿನ ಮುಗಿದ ಕೈ ಕೆಳಗಿಳಿದಿತ್ತು.

"ಮಾರಿ ತಿರವಿದ್ಲಪಾ" ಎಂದಳು. "ತಿರಗಿ ನೋಡವಲ್ಲಳು."

"ಇಲ್ಲ ಕಾಕು, ನೆಟ್ ನಿಂತೈತಿ! ಅವರಿಗೆ ನೀವು ಕಾಣಂಗs ಇಲ್ಲ, ಕೇಳಂಗs ಇಲ್ಲ. ನಾ ಸುಳ್ಳ ಹೇಳೇನಿ, ನನ್ನ ಕೆನ್ನಿಗೆ ಹೊಡೀರಿ, ಖರೆ ಹೇಳ್ತೇನಿ!"

ಕಾಕು ಅವನ ತಲೆ ಸವರಿದಳು. "ಈಗ ನನ್ನ ಸಮಾಧಾನಕ್ಕ ಹೇಳಾಕತ್ತಿ. ನನಗ ಗೊತ್ತೈತಿ ನೀ ಎಂಥಾಂವಂತ."

ಕೆಂಪವ್ವ ಆಣೆ ಇಟ್ಟು ಹೇಳಿದರೂ ಆಕೆ ನಂಬಲಿಲ್ಲ. ಅಂದಿನಿಂದ ಗಂಜಿ ಗಂಟಲಿಗಿಳಿಯಲಿಲ್ಲ. ಶ್ರೇಣಿಕ ಬಸದಿಗೆ ಹೋಗಿ, ಇನ್ನು ಸಮಾಧಾನದ ಸುಳ್ಳೂ ಬೇಡ ಎಂದು ನಿಯಮ ಹಿಡಿದು ಬಂದ. ರಾಜಸ್ಥಾನದ ಸಮಿತಿಗೆ ಫೋನು ಹಚ್ಚಿ, ತನ್ನ ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿ, ಮಾತಾಜಿಯಿಂದ ಒಂದು ಮಾತು ತಂದು ಕೊಡಿ ಎಂದು ಅತ್ತ. ಮೂರನೆಯ ದಿನ ಅಲ್ಲಿಂದ ಉತ್ತರ ಬಂತು.

ಆ ಉತ್ತರ ಹಿಡಿದುಕೊಂಡು ಅವನು ವಾಡೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತ. 'ಅವ್ವನನ್ನು ಕ್ಷಮಿಸಿದ್ದೇನೆ' ಎಂದು ಎರಡು ಮಾತು ತಾನೇ ಸೇರಿಸಿದರೆ ಯಾರು ಕೇಳುವವರು? ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮೊದಲಿನ ಸುಳ್ಳು ಮಾಡಿದ್ದನ್ನು ಕಣ್ಣಾರೆ ಕಂಡಿದ್ದ. ಬಂದದ್ದನ್ನು ಬಂದ ಹಾಗೆಯೇ ಹೇಳಿದ.

"ಆವತ್ತ ಎಲ್ಲಾ ಜೀವಕ್ಕೂ ಕ್ಷಮಾ ಕೊಟ್ಟಾಗೈತಿ, ಎಲ್ಲಾ ಜೀವದ ಹತ್ರಾನೂ ಕ್ಷಮಾ ಕೇಳ್ಯಾಗೈತಿ. ಬ್ಯಾರೆಯಾಗಿ ಯಾರ ಹೆಸರ್ಲೆನೂ ಏನೂ ಉಳದಿಲ್ಲ ಅಂದಾರ್ರಿ ಮಾತಾಜಿ."

ಕಾಕು ಎರಡು ಸಲ ಹೇಳಿಸಿಕೊಂಡಳು. ಈ ಸಲ ನಂಬಿದಳು.

"ಎಲ್ಲಾ ಜೀವಕ್ಕ" ಎಂದಳು. "ಇರಬಿಗೂ ಬಂತು, ಹುಳಕ್ಕೂ ಬಂತು. ಅವ್ವಾ ಅಂತ ಅಂದಿಲ್ಲೇನೋ?"

"ಅಂದಿಲ್ರಿ ಕಾಕು."

"ಅನಬಾರದಪಾ. ಅವರಿಗೆ ಅವ್ವ ಇರಂಗಿಲ್ಲ" ಎಂದು ಮುಖವನ್ನು ಗೋಡೆಯ ಕಡೆಗೆ ಮಾಡಿದಳು. ಆಮೇಲೆ ಹನ್ನೊಂದು ದಿನ ಇದ್ದಳು. ಮಗಳ ಹೆಸರು ಎತ್ತಲಿಲ್ಲ.