ರೋಮನ್ ನಾಣ್ಯದ ಬಸವಣ್ಣ

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಸಿಂಗಪುರದ ಟ್ಯಾಂಪಿನೀಸ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಂಕಲ್ ಹಳೆಯ ನಾಣ್ಯ ಕೂಡಿಡುತ್ತಿದ್ದರು. ಆ ವಾರ ತಂದದ್ದು ರೋಮನ್ನರ ಕಂಚಿನ ನಾಣ್ಯ. ಒಂದು ಬದಿಗೆ ಗಡ್ಡದ ದೊರೆ. ಇನ್ನೊಂದು ಬದಿಗೆ ನಿಂತ ಹೋರಿ, ಅದರ ಮೇಲೆ ಎರಡು ನಕ್ಷತ್ರ.

"ಬಲಿ ಕೊಡೋ ಹೋರಿ ಅಂತಾರ ಕೆಲವರು. ದೊರೆಯ ಗುರುತು ಅಂತಾರ ಇನ್ನ ಕೆಲವರು," ಎಂದರು ಅಂಕಲ್.

"ಬಲಿ ಅನಬ್ಯಾಡ್ರಿ. ನಮ್ಮ ಬಸವಣ್ಣ ಇವ. ರೋಮ್‌ನಿಂದ ನಡ್ಕೋತ ಬಂದಾನ, ಪಾಪ!" ಎಂದು ಅವರ ಹೆಂಡತಿ, ಬಾಗಲಕೋಟೆಯ ಆಂಟಿ, ಅದನ್ನು ದೇವರ ಜಗಲಿಯಲ್ಲಿ ಲಿಂಗದ ಎದುರು ಇಟ್ಟುಬಿಟ್ಟರು.

"ಇಟ್ಕೋ. ಆದ್ರ ಆ ಹಸಿರು ಕಿಲುಬು ತಿಕ್ಕಬ್ಯಾಡ, ಚಿತ್ರ ಹೋಗ್ತದ," ಎಂದರು ಅಂಕಲ್.

ಭಾನುವಾರ ಅಂಕಲ್ ಮಾರ್ಕೆಟ್ಟಿಗೆ ಹೋಗಿದ್ದರು. ಸೋಮವಾರದ ಪೂಜೆಗೆ ಪಾತ್ರೆ ಬೆಳಗುತ್ತಿದ್ದ ಆಂಟಿಗೆ, ಕಿಲುಬು ಹಿಡಿದ ಬಸವಣ್ಣನಿಗೆ ಹಾಗೇ ಹೂವೇರಿಸಲು ಮನಸ್ಸಾಗಲಿಲ್ಲ.

"ಹುಣಸೆಹಣ್ಣಿಗೆ ಹೋಗವಲ್ದವಾ. ಕೆಮಿಸ್ಟ್ರಿ ಓದಿದಾಕಿ ನೀ, ಹೇಳ."

ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದೆ: "ಟಾಯ್ಲೆಟ್ ಆಸಿಡ್ ಸ್ವಲ್ಪ ಹಾಕಿ ನೋಡಿ ಆಂಟಿ."

ಬಾತ್‌ರೂಮಿನ ಬಕೆಟ್ಟಿನಲ್ಲಿ ಆಗಲೇ ಬ್ಲೀಚ್ ಇತ್ತು. ನೆಲ ತೊಳೆಯಲೆಂದು ಸುರಿದಿಟ್ಟವಳು ನಾನೇ. ಆಂಟಿ ನಾಣ್ಯವನ್ನು ಅದೇ ನೀರಿಗೆ ಹಾಕಿ ಆಸಿಡ್ ಸುರಿದರು.

ಕೆಮ್ಮು ಕೇಳಿಸಿತು, ಆಮೇಲೆ ಚೊಂಬು ಬಿದ್ದ ಸದ್ದು. ಬಾಗಿಲು ತೆರೆದರೆ ಕ್ಲೋರಿನ್, ಬ್ಲೀಚಿಗೆ ಆಸಿಡ್ ಸೇರಿದರೆ ಏಳುವ ವಿಷಗಾಳಿ. ಕಾಲೇಜಿನ ಲ್ಯಾಬಿನಲ್ಲಿ ಕಲಿತ ವಾಸನೆ. ಆಂಟಿ ಗೋಡೆಗೊರಗಿ ಕುಸಿದಿದ್ದರು, ಕಣ್ಣು ನನ್ನ ಮೇಲೇ ಇತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಎಷ್ಟು ಹೊತ್ತು ಹಾಗೆ ನಿಂತೆನೋ, ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಆಮೇಲೆ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಅವರನ್ನು ಕಾರಿಡಾರಿಗೆ ಎಳೆದು ತಂದೆ. ಎದುರು ಮನೆಯವರು ಆಂಬುಲೆನ್ಸ್ ಕರೆದರು.

ಆಸ್ಪತ್ರೆಯಲ್ಲಿ ಅಂಕಲ್ ಅಳುತ್ತಲೇ ಬೈದರು: "ಆಸಿಡ್ ಹಾಕಂತ ಯಾರ ಹೇಳಿದ್ರು ನಿನಗ?"

ಆಂಟಿ ಮಾಸ್ಕ್ ಸರಿಸಿ ನನ್ನತ್ತ ನೋಡಿದರು. "ಯಾರೂ ಹೇಳಿಲ್ರಿ. ನಂದೇ ಶ್ಯಾಣ್ಯಾತನ."

ನಾನು ಬಾಯಿ ಬಿಡಲಿಲ್ಲ. "ನೀ ಇರಲಿಲ್ಲಂದ್ರ ಇಕಿ ಉಳೀತಿರಲಿಲ್ಲವಾ," ಎಂದು ಅಂಕಲ್ ನನ್ನ ಕೈ ಹಿಡಿದಾಗಲೂ ಬಿಡಲಿಲ್ಲ.

ಮಾರನೆಯ ದಿನ ಬಕೆಟ್ಟಿನಿಂದ ನಾಣ್ಯ ತೆಗೆದೆ. ಮೈತುಂಬ ಕೆಂಪು ಗುಳಿಗಳು. ನಕ್ಷತ್ರಗಳಿರಲಿಲ್ಲ, ಹೋರಿಯ ಬೆನ್ನಿನ ಗೆರೆಯಷ್ಟೇ ಉಳಿದಿತ್ತು.

ಎರಡು ತಿಂಗಳಲ್ಲಿ, ಆಫೀಸು ದೂರವೆಂದು ನೆಪ ಹೇಳಿ ಮನೆ ಬದಲಿಸಿದೆ. ನಿಜ ಹೇಳಬೇಕೆಂದು ಎಷ್ಟೋ ಸಲ ಫೋನ್ ಮಾಡಿದ್ದೇನೆ. ಆ ಕಡೆಯಿಂದ ಆಂಟಿಯ ಕೆಮ್ಮು ಕೇಳುತ್ತದೆ. ಊಟ ಆಯ್ತಾ ಎಂದಷ್ಟೇ ಕೇಳಿ ಇಟ್ಟುಬಿಡುತ್ತೇನೆ.