ಘಾಟಿ ಗುಡಿಸುವ ನೈರಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಬ್ರೇಕನ್ ಘಾಟಿಯ ಎರಡನೇ ತಿರುವಿನಲ್ಲಿ ಹಳೇ ನೀಲಿ ಪಿಕಪ್ಪೊಂದು ನಿಂತಿದೆ. ಅದರ ದೀಪದ ಬೆಳಕಿನಲ್ಲಿ ಗಮ್‌ಬೂಟು, ಕಿತ್ತಳೆ ಜಾಕೆಟ್ಟು, ಕಿವಿ ಮುಚ್ಚುವ ಉಣ್ಣೆ ಟೋಪಿ ತೊಟ್ಟ ಹೆಂಗಸೊಬ್ಬರು ರಸ್ತೆ ಗುಡಿಸುತ್ತಿದ್ದಾರೆ. ಎರಡೂ ಬದಿಗೆ ಸೊಂಟದೆತ್ತರ ಹಿಮ. ರಾತ್ರಿ ಯಂತ್ರ ಬಂದು ಅದನ್ನು ಪಕ್ಕಕ್ಕೆ ತಳ್ಳಿ ಹೋಗಿದೆ. ನಾಲ್ಕು ಗಂಟೆಗೆ ಲಾರಿ ಬಂದು ಜಲ್ಲಿಪುಡಿ ಎರಚಿ ಹೋಗಿದೆ. ಈಗ ಪೊರಕೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಕಾಲು ಆ ಕಡೆ ಇಡು. ಗುಡಿಸಿದ್ದರ ಮೇಲೇ ನಿಂತಿದ್ದೀಯಲ್ಲ," ಎನ್ನುತ್ತಾರೆ ತಲೆ ಎತ್ತದೆ.

ನಾನು ಥಟ್ಟನೆ ಸರಿಯುತ್ತೇನೆ. ಈ ದನಿಗೆ ಹೆದರಿ ಸರಿಯುವುದು ನಮ್ಮೂರಿನವರಿಗೆಲ್ಲ ಅಭ್ಯಾಸ. ನೈರಿ ಪೋಟಿಕಿ ಮೂವತ್ತೊಂದು ವರ್ಷದಿಂದ ನಮ್ಮ ಶಾಲೆಯ ಕಸ ಗುಡಿಸುವವರು. ಮೂರನೇ ತರಗತಿಯಲ್ಲಿ ಕೆಸರಿನ ಬೂಟು ಹಾಕಿಕೊಂಡು ಒಳಗೆ ನುಗ್ಗಿದ್ದಕ್ಕೆ ನನ್ನನ್ನು ಹೀಗೇ ಗದರಿಸಿದ್ದರು. ಈಗ ಅವರಿಗೆ ಅರವತ್ತಮೂರು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಮೂರೂವರೆ ತಾಸು, ಸಂಜೆ ಮೂರು ತಾಸು ಶಾಲೆಯ ಕೆಲಸ. ಆರು ಕೋಣೆ, ಒಂಬತ್ತು ಶೌಚಾಲಯ, ಒಂದು ಉದ್ದದ ಮೊಗಸಾಲೆ. ಆದರೆ ಇವತ್ತು ಶನಿವಾರ. ಇವತ್ತಿನ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ.

ಸೆಪ್ಟೆಂಬರಿನ ಎರಡನೇ ಶನಿವಾರ ಕಣಿವೆಯ ಸೈಕಲ್ ಸಂಘದವರು ಗುಂಪಾಗಿ ಘಾಟಿ ಹತ್ತುತ್ತಾರೆ. ಹದಿನೇಳು ಕಿಲೋಮೀಟರ್, ಹದಿನಾಲ್ಕು ಹೇರ್‌ಪಿನ್ ತಿರುವು. ಭೂಮಿಯ ದಕ್ಷಿಣ ತುದಿಯ ನಮ್ಮ ಕಡೆ ಆಗ ಚಳಿಗಾಲ ಮುಗಿಯುತ್ತ ಬಂದಿರುತ್ತದೆ, ಆದರೂ ಮೇಲೆ ಹಿಮ ಕರಗಿರುವುದಿಲ್ಲ. ಆ ಬಿಳುಪಿನ ನಡುವೆ ಹತ್ತುವುದರಲ್ಲೇ ಅವರಿಗೆ ಖುಷಿ. ಕಾರಿನ ಚಕ್ರ ಜಾರದಿರಲೆಂದು ಎರಚುವ ಜಲ್ಲಿಪುಡಿ ಕಾರಿನವರ ಪಾಲಿಗೆ ದೇವರು. ಇಳಿಜಾರಿನಲ್ಲಿ ಬರುವ ಸೈಕಲ್ಲಿಗೆ ಅದು ಸಿಮೆಂಟು ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ಬ್ರೇಕು ಹಿಡಿದರೆ ಮುಗಿಯಿತು.

ಹಾಗಾಗಿ ಸವಾರಿಯ ಬೆಳಿಗ್ಗೆ ನೈರಿ ಹದಿನಾಲ್ಕೂ ತಿರುವುಗಳಲ್ಲಿ, ಇಳಿಯುವವರ ಬದಿಗೆ, ಒಂದು ಮೀಟರ್ ಅಗಲ ಗುಡಿಸುತ್ತಾರೆ. ಒಂದು ತಿರುವಿಗೆ ಹತ್ತು ಹನ್ನೊಂದು ನಿಮಿಷ. ಪಿಕಪ್ಪಿನಲ್ಲಿ ಮೂರು ಪೊರಕೆ ಇವೆ. ಜಲ್ಲಿಯ ಚೂಪಿಗೆ ಎಳೆಗಳು ಸವೆದು, ಮೇಲೆ ಹೋಗುವಷ್ಟರಲ್ಲಿ ಎರಡಾದರೂ ಬೋಳಾಗುತ್ತವೆ. "ಬೆನ್ನು ತಡ್ಕೊಳ್ಳುತ್ತೆ. ಮಂಡಿ ಮಾತ್ರ ಬೈಯುತ್ತೆ," ಎನ್ನುತ್ತಾರೆ.

ಇದು ಶುರುವಾದದ್ದು ಏಳು ವರ್ಷದ ಹಿಂದಿನ ಸವಾರಿಯಿಂದ. ಕಣಿವೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಇಶ್ಬೆಲ್ ಮನ್ರೋ, ಮೂವತ್ತನಾಲ್ಕು ವರ್ಷದ ಹುಡುಗಿ, ಇಳಿಯುವಾಗ ಒಂಬತ್ತನೇ ತಿರುವಿನಲ್ಲಿ ಜಲ್ಲಿಯ ಮೇಲೆ ಜಾರಿದಳು. ತಂತಿ ಬೇಲಿಯ ಅಡಿಯಿಂದ ಕೆಳಕ್ಕೆ ಹೋದಳು, ಬದುಕಲಿಲ್ಲ. ಆವತ್ತು ನಸುಕಿನಲ್ಲಿ ಜಲ್ಲಿ ಎರಚಿದ ಲಾರಿ ಓಡಿಸಿದ್ದು ನೈರಿಯವರ ಗಂಡ ಹೇಮಿ.

"ವಿಚಾರಣೆ ಆಯ್ತು. ಅಳತೆ ಸರಿಯಾಗಿತ್ತು, ಚಾಲಕನ ತಪ್ಪಿಲ್ಲ ಅಂತ ಕಾಗದ ಬಂತು. ಅವನು ಅದನ್ನ ಬಿಡಿಸಿ ನೋಡಲೇ ಇಲ್ಲ. ಸೋಮವಾರ ಹೋಗಿ ಲಾರಿಯ ಕೀಲಿ ಕೊಟ್ಟುಬಂದ. ಇಪ್ಪತ್ತೆರಡು ವರ್ಷ ಓಡಿಸಿದ್ದ. ಆಮೇಲೆ ಈ ಘಾಟಿಗೆ ಕಾಲಿಟ್ಟಿಲ್ಲ," ಎಂದು ನೈರಿ ಪೊರಕೆಗೆ ಒರಗಿ ಹೇಳುತ್ತಾರೆ.

ಮುಂದಿನ ವರ್ಷ ಸವಾರಿಯ ದಿನ ಅವರು ಶಾಲೆಯ ಪೊರಕೆ ಹಿಡಿದು ಮೊದಲ ಬಾರಿಗೆ ಇಲ್ಲಿಗೆ ಬಂದರು. ಯಾಕೆಂದು ಗಂಡ ಕೇಳಲಿಲ್ಲ, ಇವರೂ ಹೇಳಲಿಲ್ಲ. ಕೇಳಿದ್ದು ರಸ್ತೆ ನೋಡಿಕೊಳ್ಳುವ ಕಂಪನಿಯ ಮೇಲ್ವಿಚಾರಕ. ಆಂಟಿ, ನೀವು ಗುಡಿಸಿದ ಕಡೆ ನಾಳೆ ಯಾರದ್ದೋ ಕಾರು ಜಾರಿದರೆ ಹೊಣೆ ಯಾರು ಅಂದನಂತೆ. "ಅವನು ಹೇಳಿದ್ದೂ ಸರಿನೇ. ಆದ್ರೂ ಗುಡಿಸ್ತಾ ಇದ್ದೆ." ಕೊನೆಗೆ ವರ್ಷಕ್ಕೆ ಒಂದು ದಿನ, ಒಂದು ಮೀಟರಿಗೆ ಒಪ್ಪಂದವಾಯಿತು. ಸಂಜೆ ಲಾರಿ ಬಂದು ಮತ್ತೆ ಎರಚುತ್ತದೆ.

ಏಳೂಕಾಲಿಗೆ ನಾವು ಒಂಬತ್ತನೇ ತಿರುವಿನಲ್ಲಿದ್ದೇವೆ. ದಕ್ಷಿಣಕ್ಕೆ ಮುಖ ಮಾಡಿದ ತಿರುವು ಇದು; ನಮ್ಮಲ್ಲಿ ಚಳಿಗಾಲದ ಸೂರ್ಯ ಉತ್ತರದಲ್ಲೇ ಇರುತ್ತಾನೆ. ಮೇ ತಿಂಗಳಿಂದ ಇಲ್ಲಿಗೆ ಬಿಸಿಲು ಬಿದ್ದಿಲ್ಲ. ನೈರಿ ಪೊರಕೆಯನ್ನು ಒಂದು ಸಲ ಎಳೆದು ನಿಲ್ಲಿಸುತ್ತಾರೆ. ಬೂಟಿನ ಹಿಮ್ಮಡಿಯಿಂದ ಕೆರೆಯುತ್ತಾರೆ. ಕಷ್ಟಪಟ್ಟು ಮಂಡಿಯೂರಿ, ಕೈಗವಸು ಕಳಚಿ, ಜಲ್ಲಿ ಸರಿಸಿ ಅಂಗೈ ಇಡುತ್ತಾರೆ.

"ಕೆಳಗೆ ಐಸ್ ಇದೆ. ಗುಡಿಸಿದ್ರೆ ಐಸು, ಬಿಟ್ರೆ ಜಲ್ಲಿ."

"ಹಾಗಾದ್ರೆ?"

"ಹಾಗಾದ್ರೆ ಇಲ್ಲಿ ನಾನೇ ನಿಂತ್ಕೋಬೇಕು."

ಉಳಿದ ಐದು ತಿರುವು ಗುಡಿಸಿ ಅವರು ಮತ್ತೆ ಇಲ್ಲಿಗೇ ಇಳಿದು ಬರುತ್ತಾರೆ. ಹತ್ತು ಗಂಟೆಗೆ ಕೆಳಗಿನಿಂದ ಮಾತು, ನಗು, ಏದುಸಿರು ಕೇಳಿಸುತ್ತದೆ. ಮೂವತ್ತೆಂಟು ಜನ ಉದ್ದದ ಬಣ್ಣದ ಸಾಲಾಗಿ ಹತ್ತುತ್ತ ಬರುತ್ತಾರೆ. ನೈರಿ ರಸ್ತೆಯ ನಡುವೆ ಕೈ ಚಾಚಿ ನಿಲ್ಲುತ್ತಾರೆ. "ಇಳೀರಿ. ಇದೊಂದು ತಿರುವು ತಳ್ಕೊಂಡು ಹೋಗಿ. ಬರೋವಾಗ್ಲೂ ಅಷ್ಟೇ." ಗೊಣಗಾಟ ಆಗುತ್ತದೆ. ಉಸಿರು ಕಟ್ಟಿ ಹತ್ತುತ್ತಿದ್ದವರಿಗೆ ನಡುವೆ ಇಳಿಯುವುದೆಂದರೆ ಅವಮಾನ. ಆದರೂ ಇಳಿಯುತ್ತಾರೆ. "ಆಂಟಿ, ಮೇಲೆ ಟೀ ಜೊತೆಗಿನ ಸ್ಕೋನ್ ಬನ್ನು ಖಾಲಿಯಾದ್ರೆ ನಿಮ್ದೇ ತಪ್ಪು," ಎಂದು ಒಬ್ಬಳು ರೇಗಿಸುತ್ತಾಳೆ. "ನಿನ್ನ ಪಾಲು ಕಿಯಾ ಗಿಳಿ ಆಗಲೇ ತಿಂದಿರುತ್ತೆ, ನಡಿ," ಎನ್ನುತ್ತಾರೆ ನೈರಿ.

ಸವಾರರು ಮೇಲೆ ಬಿಸಿ ಟೀ ಕುಡಿದು, ಸೀಟು ಕಿತ್ತು ತಿನ್ನುವ ಗಿಳಿಗಳನ್ನು ಓಡಿಸಿ, ಫೋಟೊ ತೆಗೆಸಿಕೊಂಡು ಇಳಿಯುವ ಹೊತ್ತಿಗೆ ಹನ್ನೆರಡೂವರೆ. ಮೋಡ ಕವಿದಿದೆ. ಮಳೆಯೂ ಅಲ್ಲ, ಹಿಮವೂ ಅಲ್ಲ, ಅಂಥದೊಂದು ತುಂತುರು ಶುರುವಾಗಿದೆ. ಹತ್ತು ಗಂಟೆಯಿಂದ ನೈರಿ ಒಂಬತ್ತನೇ ತಿರುವಿನಲ್ಲೇ ನಿಂತಿದ್ದಾರೆ. ಪಿಕಪ್ಪಿನೊಳಗೆ ಕೂರಿ ಎಂದರೆ ಕೇಳಿಲ್ಲ.

ಮೊದಲು ಬರುವವನು ಡುನೆಡಿನ್ ನಗರದಿಂದ ಬಂದು ಈ ವರ್ಷ ಹೊಸದಾಗಿ ಸೇರಿದ ಕ್ರೇಗ್. ವೇಗ ಇಳಿಸುತ್ತಾನೆ, ಕಾಲು ಮಾತ್ರ ಊರುವುದಿಲ್ಲ.

"ಮಧ್ಯಾಹ್ನ ಆಯ್ತಲ್ಲ ಆಂಟಿ, ಇನ್ನೂ ಎಲ್ಲಿಯ ಐಸು?"

"ಇಲ್ಲಿಗೆ ಬಿಸಿಲು ಬರೋದು ತಿಂಗಳ ಕೊನೆಗಪ್ಪ. ಅಲ್ಲೀತನಕ ಕಾಯ್ತೀಯೋ, ಈಗ ಇಳೀತೀಯೋ?"

ಹಿಂದಿನವರು ನಗುತ್ತಾರೆ. ಆ ನಗುವೇ ಅವನಿಗೆ ಚುಚ್ಚಿತೋ ಏನೋ. "ನಿಧಾನಕ್ಕೆ ಹೋಗ್ತೀನಿ ಬಿಡಿ," ಎಂದು ಅವರನ್ನು ಬಳಸಿ ಮುಂದೆ ಉರುಳುತ್ತಾನೆ. ನಾಲ್ಕು ಮೀಟರ್ ಹೋಗಿರಬಹುದು. ಹಿಂದಿನ ಚಕ್ರ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಅವನು ಸೊಂಟದ ಮೇಲೆ ಬೀಳುತ್ತಾನೆ. ಅವನೂ ಸೈಕಲ್ಲೂ ಬೇರೆ ಬೇರೆಯಾಗಿ ಜಾರುತ್ತಾರೆ. ಸೈಕಲ್ಲು ಬೇಲಿಗೆ ಬಡಿಯುತ್ತದೆ. ಅವನು ಅದಕ್ಕಿಂತ ಒಂದು ಮಾರು ಈಚೆ, ಹಿಮದ ದಿಬ್ಬಕ್ಕೆ ತಾಗಿ ನಿಲ್ಲುತ್ತಾನೆ.

ಚಡ್ಡಿ ಹರಿದಿದೆ, ತೊಡೆ ತರಚಿದೆ, ಅಷ್ಟೇ. ತಾನೇ ಎದ್ದು ಕೂರುತ್ತಾನೆ. ಆದರೆ ಆ ಕ್ಷಣದಲ್ಲಿ ನಾನು ನೈರಿಯವರ ಮುಖ ನೋಡಿದೆ. ನೋಡಬಾರದಿತ್ತು. ಅವರು ಬೈಯುವುದಿಲ್ಲ. ಹತ್ತಿರ ಹೋಗಿ ಅವನ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು, ಸುಮ್ಮನೆ ಇಟ್ಟುಕೊಂಡೇ ನಿಲ್ಲುತ್ತಾರೆ. "ಸಾರಿ ಆಂಟಿ," ಎನ್ನುತ್ತಾನೆ ಅವನು. ಆಮೇಲೆ ಯಾರಿಗೂ ಹೇಳಬೇಕಾಗುವುದಿಲ್ಲ. ಎಲ್ಲರೂ ತಿರುವಿಗೆ ಮೊದಲೇ ಸೈಕಲ್ಲಿನಿಂದ ಇಳಿದು, ಒಬ್ಬರ ಹಿಂದೆ ಒಬ್ಬರು ತಳ್ಳಿಕೊಂಡು ಹೋಗುತ್ತಾರೆ.

ಎಲ್ಲರಿಗಿಂತ ಕೊನೆಯಲ್ಲಿ ಬರುವವರು ಅಲಿಸ್ಟರ್ ಮನ್ರೋ. ಇಶ್ಬೆಲ್‌ಳ ತಂದೆ. ಎಪ್ಪತ್ತೊಂದು ವರ್ಷ. ಮಗಳು ಹೋದ ಮೇಲೆ ಸೈಕಲ್ ಕಲಿತು, ಪ್ರತಿ ವರ್ಷ ಈ ಗುಂಪಿನ ಬಾಲದಲ್ಲಿ ಹತ್ತುತ್ತಾರೆ. ನೈರಿಯವರನ್ನು ಕಂಡರೆ ತಲೆ ಬಾಗಿಸಿ ಹೋಗುತ್ತಾರೆ. ಆರು ವರ್ಷವೂ ಅಷ್ಟೇ ನಡೆದಿದೆ. ಇವತ್ತು ನಿಲ್ಲುತ್ತಾರೆ.

"ಹೇಮಿ ಹೇಗಿದ್ದಾನೆ?"

"ಇದ್ದಾನೆ."

ಅಲಿಸ್ಟರ್ ಕನ್ನಡಕ ಒರೆಸಿಕೊಳ್ಳುತ್ತಾರೆ. "ಮೂರು ವರ್ಷ ಅವನ ಹೆಸರು ಕೇಳಿದ್ರೆ ಮೈ ಉರೀತಿತ್ತು, ನೈರಿ. ಆಮೇಲೆ ಅದಕ್ಕೂ ಶಕ್ತಿ ಸಾಲಲಿಲ್ಲ. ಈಗ ಏನೂ ಇಲ್ಲ. ಅವನಿಗೆ ಹೇಳು."

"ನಾನು ಹೇಳಿದ್ರೆ ನಂಬಲ್ಲ. ಮನೆ ಗೊತ್ತಲ್ಲ ನಿಮಗೆ, ಸೇತುವೆ ದಾಟಿ ಎರಡನೇದು. ಟೀಗೆ ಬನ್ನಿ."

ಅಲಿಸ್ಟರ್ ಬೇಲಿಯ ಕಡೆ ನೋಡುತ್ತಾರೆ. "ನೋಡೋಣ," ಎನ್ನುತ್ತಾರೆ. ತಿರುವು ದಾಟಿದ ಮೇಲೂ ಸೈಕಲ್ ಹತ್ತುವುದಿಲ್ಲ. ಮಂಜಿನಲ್ಲಿ ಕಾಣದಾಗುವವರೆಗೆ ತಳ್ಳಿಕೊಂಡೇ ಹೋಗುತ್ತಾರೆ.

ಮೂರು ಗಂಟೆಗೆ ನೈರಿಯವರ ಮನೆ. ಅವರು ಒದ್ದೆ ಬೂಟು ಕಳಚಿ ನನಗೆ ಕರಿದ ರೊಟ್ಟಿ, ಟೀ ಕೊಡುತ್ತಾರೆ. ಹಿತ್ತಲ ಶೆಡ್ಡಿನಲ್ಲಿ ಹೇಮಿ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದಾರೆ. ಭಾರೀ ಆಳು, ಭುಜ ಕುಸಿದಿದೆ. ನೈರಿ ಬಾಗಿಲಲ್ಲಿ ನಿಂತು, "ಅಲಿಸ್ಟರ್ ನಿನ್ನ ಕೇಳಿದ್ರು," ಎನ್ನುತ್ತಾರೆ. ಹೇಮಿ ಬ್ಲೇಡು ಒರೆಸುತ್ತಲೇ ಇರುತ್ತಾರೆ.

"ಒಂಬತ್ತರಲ್ಲಿ ಐಸ್ ಇತ್ತಾ?"

"ಇತ್ತು. ಜಲ್ಲಿ ಕೆಳಗೆ."

"ಗುಡಿಸಿದ್ಯಾ?"

"ಇಲ್ಲ. ಎಲ್ಲರನ್ನೂ ಇಳಿಸ್ದೆ. ಒಬ್ಬ ಕೇಳಲಿಲ್ಲ, ಬಿದ್ದ. ಏನಾಗಿಲ್ಲ, ಎದ್ದು ಹೋದ."

ಹೇಮಿ ಬ್ಲೇಡನ್ನು ಕೆಳಗಿಡುತ್ತಾರೆ. "ಗುಡಿಸದೇ ಇದ್ದದ್ದು ಒಳ್ಳೇದಾಯ್ತು," ಎನ್ನುತ್ತಾರೆ. ಮತ್ತೆ ಯಂತ್ರದ ಮೇಲೆ ಬಾಗುತ್ತಾರೆ. ರಸ್ತೆಯ ವಿಷಯಕ್ಕೆ ಏಳು ವರ್ಷದಲ್ಲಿ ಅವರ ಬಾಯಿಂದ ಇಷ್ಟು ಮಾತು ಬಂದದ್ದು ಇದೇ ಮೊದಲು ಎಂದು ನೈರಿ ಗೇಟಿನ ಹತ್ತಿರ ನನಗೆ ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಸಂತೋಷವೇನೂ ಇಲ್ಲ. ಸುಸ್ತಿದೆ.

ಇದನ್ನು ಬರೆಯುವ ಹೊತ್ತಿಗೆ ಮೂರು ವಾರ ಕಳೆದಿದೆ. ಅಲಿಸ್ಟರ್ ಟೀಗೆ ಬಂದಿಲ್ಲ. ಸೈಕಲ್ ಸಂಘದವರು ಮುಂದಿನ ಸಭೆಯಲ್ಲಿ ನೈರಿಯವರಿಗೆ ಹೂಗುಚ್ಛ ಕೊಡುವ ಮಾತಾಡುತ್ತಿದ್ದಾರೆ. ಹೋಗುತ್ತೀರಾ ಎಂದು ಕೇಳಿದರೆ, ಗುರುವಾರ ಸಂಜೆ ಶಾಲೆಯ ಮೊಗಸಾಲೆಯ ನೆಲಕ್ಕೆ ಮೇಣ ಹಾಕುವ ದಿನ, ಆಗಲ್ಲ ಎನ್ನುತ್ತಾರೆ.

ಹಾಗಾದರೆ ನಿಮಗೆ ಏನು ಬೇಕು ಎಂದೆ.

"ಹಿಮ ಬೀಳೋ ರಾತ್ರಿ ಹೇಮಿ ಮಲಗಲ್ಲ. ಲಾರಿ ಹೊರಡೋ ಸದ್ದಿಗೆ ಕಾಯ್ತಾ ಅಡುಗೆಮನೆ ಕಿಟಕಿ ಹತ್ರ ಕೂತಿರ್ತಾನೆ. ಅದು ಘಾಟಿ ಹತ್ತಿ ವಾಪಸ್ ಬಂದ ಮೇಲೇ ಹಾಸಿಗೆಗೆ ಬರೋದು. ಒಂದು ಸಲ, ಒಂದೇ ಸಲ, ಹಿಮ ಬಿದ್ದಿದ್ದು ಅವನಿಗೆ ಬೆಳಿಗ್ಗೆ ಎದ್ದ ಮೇಲೆ ಗೊತ್ತಾಗಬೇಕು. ಅಷ್ಟೇ."