ಮೂರನೆಯ ಬೇಬಿ ಸೀಟು

ಗೆಳೆಯರೇ, ಇಂದು ನಡೆದದ್ದು ಕೇಳಿ. ನಮ್ಮ ಮೂರು ಮಕ್ಕಳ ಬೇಬಿ ಸೀಟುಗಳನ್ನು ಹೊತ್ತು ಹೆಬ್ಬಾಳ, ಯಶವಂತಪುರದ ಶೋರೂಮೆಲ್ಲ ಸುತ್ತಿ, ಮೂರೂ ಸಾಲಾಗಿ ಹಿಡಿಸುವ ಕಾರನ್ನು ಕೊನೆಗೂ ತಂದಿದ್ದೆವು. ಇಂದು ಯಲಹಂಕದ ದೇವಸ್ಥಾನದಲ್ಲಿ ಅದರ ಪೂಜೆ. ಮನೆಗೆ ಬೀಗ ಹಾಕಿ ಬಂದು ನೋಡಿದರೆ, ಚಿಕ್ಕವನು ಮುಂದಿನ ಸೀಟಿನಲ್ಲಿ ನಮ್ಮತ್ತೆಯ ತೊಡೆಯ ಮೇಲಿದ್ದಾನೆ. ಅವನ ಸೀಟಿನಲ್ಲಿ ದೃಷ್ಟಿ ತೆಗೆಯಲು ತಂದ ಬೂದುಗುಂಬಳಕಾಯಿ, ಬೆಲ್ಟ್ ಸಮೇತ.

"ಅತ್ತೆ, ಇದೇನ್ ಮಾಡಿದ್ದೀರ?"

"ಮಗೂನ ಹಿಡ್ಕೊಳ್ಳೋಕೆ ನಾನಿದ್ದೀನಲ್ಲಮ್ಮ. ಕುಂಬಳಕಾಯಿ ಉರುಳಿ ದಾರೀಲೇ ಒಡೆದ್ರೆ ಅಪಶಕುನ."

ಬೆಲ್ಟ್ ಬಿಗಿದದ್ದು, ಶೋರೂಮುಗಳಲ್ಲಿ ಟೇಪು ಹಿಡಿದು ಸೀಟು ಅಳೆದಿದ್ದ ನನ್ನ ಗಂಡನೇ.

ಬೆಲ್ಟ್ ಬಿಚ್ಚಿ ಮಗುವನ್ನು ಸೀಟಿಗೆ ಹಾಕಿ, ಕುಂಬಳಕಾಯಿಯನ್ನು ಅತ್ತೆಯ ತೊಡೆಯ ಮೇಲಿಟ್ಟೆ. ಅವರು ಅದನ್ನು ಒಂದು ಗೀರೂ ಬೀಳದಂತೆ ಅಪ್ಪಿ ಹಿಡಿದು ತಂದರು, ನೆಲಕ್ಕಪ್ಪಳಿಸಿ ಒಡೆಯುವುದಕ್ಕೆ.